ನಂಬರ್ ಕಾಣದ ಫೋನು

ಇದೇನು ಫೋನೋ ಜೀರುಂಡೆಯೋ, ಹಬ್ಬದ ಬೆಳಗ್ಗೆ ಕಿರ್ರೆಂದು ಕೊರೆಯುತ್ತಿದೆ, ಹೊಟ್ಟೆಯಲ್ಲಿ ಹಸಿರು ದೀಪ ಬೇರೆ, ದೀಪದೊಳಗೆ ಅಂಕಿಗಳು, ಕೊನೆಗೆ ನಾಲ್ಕು ನಾಲ್ಕು ಒಂದು — ನನ್ನ ಹಳೆ ಕರಿ ಫೋನು ಬಡಿದುಕೊಂಡರೆ ಹೊಸಕೆರೆಹಳ್ಳಿ ಕೆರೆಯ ಬಾತುಗಳು ಎದ್ದು ಮಾಗಡಿ ಕಡೆಗೆ ಹಾರುತ್ತಿದ್ದವು, ಸುಳ್ಳಲ್ಲ, ಇಡೀ ಸುದ್ದಗುಂಟೆಪಾಳ್ಯಕ್ಕೆ ಅದೊಂದೇ ಫೋನು, ಊರವರ ಮದುವೆ ಪತ್ರಿಕೆಗಳಲ್ಲೆಲ್ಲ ನನ್ನ ನಂಬರು, ಬೋರಣ್ಣನ ಮನೆಗೆ ಮಾಡಿದರೆ ಕರೆದು ಕೊಡುತ್ತಾರೆಂದು, ಯಾರು ಹೆತ್ತರೂ ಯಾರು ಸತ್ತರೂ ಸುದ್ದಿ ಮೊದಲು ನನ್ನ ಕಿವಿಗೆ, ನಾನು ಬೀದಿಯಲ್ಲಿ ನಿಂತು ಕೂಗಿದ ಮೇಲೆಯೇ ಹೆಣಕ್ಕೂ ತಾನು ಸತ್ತದ್ದು ಖಾತ್ರಿ. ಈಗ ಬಾಡಿಗೆಯವರ ತೊಟ್ಟಿಲ ಕೂಸಿನ ಕೈಯಲ್ಲೂ ಮೊಬೈಲು, ಥೂ, ನಾನು ಮುಟ್ಟಿಲ್ಲ. ನಿನ್ನೆ ಬಂದನಲ್ಲ ಆ ಲೈನಿನ ಮೌನೇಶ, ರಾಯಚೂರು ಕಡೆಯವನು, ತಾಮ್ರದ ತಂತಿ ಇನ್ನ ಸತ್ತಂಗ್ರಿ ಅಂಕಲ್, ಎಲ್ಲಾ ಫೈಬರ್ ಆಗೇತ್ರಿ, ಸಂಗಾಟ ಇಂಟರ್ನೆಟ್ಟೂ ತಗೊಂಡ್‌ಬಿಡ್ರಿ — ಇಂಟರ್ನೆಟ್ಟು ನಿಮ್ಮಪ್ಪಂಗೆ ಕೊಡು, ನಂಗೆ ಬರೀ ಫೋನ್ ಸಾಕು ಎಂದು ನಾನು ಘರ್ಜಿಸಿದ ರಭಸಕ್ಕೆ ಅವನ ಏಣಿ ಮೂರು ಮನೆ ಆಚೆ ಹೋಗಿ ಬಿತ್ತು. ಆಗಲಿ ಬಿಡ್ರಿ, ಬರೇ ಫೋನ್ ಹಾಕ್ತೀನಿ, ಆದ್ರ ನಿಮ್ಮ ತಿರುವೋ ಫೋನ್ ಈ ಫೈಬರ್ ಡಬ್ಬಿಗೆ ಹೊಂದಂಗಿಲ್ರಿ. ನಂಬರ್ ಕಾಣಿಸ್ದೇ ಇರೋ ಫೋನ್ ಕೊಡಯ್ಯಾ ಹಂಗಾದ್ರೆ. ಅಯ್ಯ, ಈಗ ಬರೋವೆಲ್ಲಾ ನಂಬರ್ ತೋರಿಸೂ ಫೋನ್ರಿ, ಯಾರು ಮಾಡ್ಯಾರಂತ ಗೊತ್ತಾಗಬ್ಯಾಡೇನ್ರಿ? ಬೇಡ ಕಣಯ್ಯಾ, ಬೇಡ, ಆ ಮಂಕನಿಗೆ ಹೇಳುವುದು ಹೇಗೆ — ಮುನಿವೆಂಕಟಮ್ಮ, ನನ್ನ ಒಡಹುಟ್ಟಿದವಳು, ಲೇಔಟ್ ಆದಾಗ ಅಪ್ಪನ ಹೊಲದಲ್ಲಿ ಪಾಲು ಬೇಕೆಂದು ಕೋರ್ಟು ಹತ್ತಿದ ಮಹಾತಾಯಿ, ಗೌರಿ ಹಬ್ಬಕ್ಕೆ ನಾನು ಅವಳಿಗೆ ಕೊಡುತ್ತಿದ್ದ ಬಾಗಿನದ ಮೊರ ಹೊರಲು ಎತ್ತಿನಗಾಡಿಯೇ ಬೇಕಿತ್ತು, ಅಂಥ ಅಣ್ಣನನ್ನು! ಸೈಟ್ ಬೇಕೋ ಬಾಗಿನ ಬೇಕೋ, ಒಂದು ಹೇಳು ಎಂದೆ. ಸೈಟೇ ಕೊಡಣ್ಣ, ಮೊರದಾಗೆ ಮನೆ ಕಟ್ಟಕ್ಕಾಗಲ್ಲ ಎಂದಳು, ಪಂಚಾಯ್ತಿಗೆ ಕೂತವರೆಲ್ಲ ನಕ್ಕರು, ಆ ನಗು ಇನ್ನೂ ನನ್ನ ಕಿವಿಯಲ್ಲಿ ಹುಳದಂತೆ. ಗೆದ್ದಳು, ಸೈಟು ಮಾರಿ ಗೊಟ್ಟಿಗೆರೆಯೋ ಇನ್ನೆಲ್ಲಿಗೋ ಹೋದಳು, ಸತ್ತರೂ ನಿನ್ನ ಮಾತಾಡ್ಸಲ್ಲ ಎಂದಳು, ನಾನೇ ಮಾತಾಡ್ಸಿದ್ರೆ ನಾಲಗೆ ಕೊಯ್ಕೋತೀನಿ ಎಂದೆ. ಆದರೂ ಪ್ರತಿ ಗೌರಿ ಹಬ್ಬದ ಬೆಳಗ್ಗೆ ಕರಿ ಫೋನು ಬಡಿದುಕೊಳ್ಳುತ್ತಿತ್ತು, ಯಾರು ಎಂದರೆ ಬರೀ ಉಸಿರು, ಉಸಿರಿನ ಹಿಂದೆ ಕುಕ್ಕರಿನ ಸೀಟಿ, ರಾಂಗ್ ನಂಬರ್ ಎನ್ನುತ್ತಿದ್ದೆ, ಆದರೆ ಇಡುತ್ತಿರಲಿಲ್ಲ, ಅವಳೂ ಇಡುತ್ತಿರಲಿಲ್ಲ, ಅತ್ತ ಯಾರೆಂದು ಎಲ್ಲೂ ಬರೆದಿರಲಿಲ್ಲವಲ್ಲ, ಯಾರೂ ಯಾರಿಗೂ ಸೋತಂತಾಗುತ್ತಿರಲಿಲ್ಲ, ಕರಿ ಫೋನು ಇಬ್ಬರ ಮಾನವನ್ನೂ ಕಾಯುತ್ತಿತ್ತು — ಈಗ ನಾಲ್ಕು ನಾಲ್ಕು ಒಂದು, ಬೆತ್ತಲೆ, ಹಸಿರು, ಕೊರೆಯುತ್ತಲೇ ಇದೆ, ಅಡುಗೆಮನೆಯಿಂದ ಹೆಂಡತಿ ನಾಗಲಕ್ಷ್ಮಮ್ಮ, ಎತ್ಕೊಳ್ರೀ, ವರ್ಷಕ್ಕೊಂದು ಸಲ ಬರೋ ರಾಂಗ್ ನಂಬರ್ರು, ಎಂದು ಚುಚ್ಚುತ್ತಾಳೆ, ಎತ್ತಿದರೆ ಯಾರು ಎಂದು ಕೇಳುವ ಹಾಗಿಲ್ಲ, ಎತ್ತದಿದ್ದರೆ ಅಣ್ಣ ಸತ್ತ ಎಂದುಕೊಂಡಾಳು, ಅಂದುಕೊಳ್ಳಲಿ, ಅಳಲಿ, ಇಲ್ಲ, ಎತ್ತಬೇಕು, ಕೈ ಏಕೆ ಏಳುವುದಿಲ್ಲ, ಮೂಟೆ ಮೂಟೆ ರಾಗಿ ಹೊತ್ತ ಕೈ ಇದು, ಇನ್ನೊಂದು ಸಲ ಬಡಿಯಲಿ, ಎತ್ತಿಯೇಬಿಡುತ್ತೇನೆ — ನಿಂತಿತು. ನಿಂತೇ ಹೋಯಿತು. ನಾಗಲಕ್ಷ್ಮಮ್ಮ ಕೈ ಒರೆಸಿಕೊಂಡು ಬಾಗಿಲಿಗೆ ಬಂದಿದ್ದಾಳೆ, ಅವಳ ನಂಬರ್ ಗೊತ್ತಿದ್ರೆ ನಾನೇ ಮಾಡ್ತಿದ್ದೆ ಅಂತ ಊರಿಗೆಲ್ಲ ಜಂಬ ಕೊಚ್ತಿದ್ರಲ್ಲ, ಈಗ ಮಾಡ್ರೀ. ಯಾವ ಗುಂಡಿ ಒತ್ತಿದರೆ ಈ ದೀಪ ಆರುತ್ತದೆ, ಮೌನೇಶ ಅದನ್ನು ಹೇಳಲಿಲ್ಲ, ಕಣ್ಣು ಮುಚ್ಚಿದರೂ ಅಲ್ಲೇ, ನಾಲ್ಕು, ನಾಲ್ಕು, ಒಂದು, ಹಸಿರು, ನಾಲ್ಕು, ನಾಲ್ಕು —