ತೊಳೆದ ಡಬ್ಬಗಳ ನೀರು

ರಸಾಯನಶಾಸ್ತ್ರ ಕಲಿಸುವುದನ್ನು ಬಿಟ್ಟು ಐದು ವರ್ಷವಾಗಿದ್ದರೂ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಎಂದರೆ ತಗಡಿನ ಮಾಡಿನ ಎರಡು ಕೊಠಡಿ. ಒಂದರಲ್ಲಿ ಗಿಡಮೂಲದ ಎಣ್ಣೆಗಳಿಂದ ಪಾತ್ರೆ ತೊಳೆಯುವ ದ್ರವ ತಯಾರಾಗುತ್ತಿತ್ತು. ಇನ್ನೊಂದರಲ್ಲಿ, ಮನೆಮನೆಯಿಂದ ವಾಪಸು ಬಂದ ಸ್ಟೀಲಿನ ಡಬ್ಬಗಳನ್ನು ತೊಳೆದು ಮತ್ತೆ ತುಂಬುತ್ತಿದ್ದರು. ಪ್ಲಾಸ್ಟಿಕ್ ಬಾಟಲಿಯೇ ಬೇಡ ಎಂದು ಹಟ ಹಿಡಿದು ಅವಳು ಕಟ್ಟಿದ ವ್ಯಾಪಾರ ಅದು. ಪ್ರತಿ ಡಬ್ಬದ ಮೇಲೂ ಅವಳೇ ಬರೆದ ಸಾಲಿತ್ತು: 'ನಿಮ್ಮ ಮನೆಯಿಂದ ಹೊರಹೋಗುವ ನೀರೂ ನಮ್ಮ ಜವಾಬ್ದಾರಿ.'

ಒಂದು ಜಾಗದಲ್ಲಿ ಕೂರುವ ಜಾಯಮಾನ ಅವಳದಲ್ಲ. ಫೋನಿನಲ್ಲಿ ಮಾತಾಡುತ್ತಲೇ ಅಂಗಳವನ್ನು ಹತ್ತು ಸಲ ಅಳೆಯುತ್ತಿದ್ದಳು. "ಅಕ್ಕನ ಕಾಲಿಗೆ ಒಂದು ಮೀಟರ್ ಕಟ್ಟಬೇಕು" ಎಂದು ತಮ್ಮ ರೇಗಿಸುತ್ತಿದ್ದ. ವ್ಯಾಪಾರದ ಓಡಾಟವೆಲ್ಲ ಅವನದೇ. ಒಂದು ದೊಡ್ಡ ಅಂಗಡಿ ಬಳಗ ತನ್ನ ಇಪ್ಪತ್ತು ಮಳಿಗೆಗಳಲ್ಲಿ ಅವರ ಡಬ್ಬ ಇಡಲು ಒಪ್ಪಿದ ಮೇಲಂತೂ ಇಬ್ಬರಿಗೂ ಉಸಿರು ಬಿಡಲು ಪುರುಸೊತ್ತಿರಲಿಲ್ಲ.

ಸರಕು ಹೊರಡಲು ಎರಡೇ ದಿನ ಉಳಿದಿತ್ತು. ಬೆಳಿಗ್ಗೆ ಪಕ್ಕದ ನರ್ಸರಿಯವನು ಒಂದು ತಟ್ಟೆ ಸಸಿ ಹಿಡಿದು ನೇರ ಒಳಗೆ ಬಂದ. ಎಲೆಗಳ ಅಂಚೆಲ್ಲ ಸುಟ್ಟಂತೆ ಕಂದುಬಣ್ಣಕ್ಕೆ ತಿರುಗಿತ್ತು.

"ನಿಮ್ಮ ಮೋರಿ ನೀರು ನಮ್ಮ ಕಾಲುವೆಗೆ ಸೇರುತ್ತೆ. ಹದಿನೈದು ದಿನದಿಂದ ಹಿಂಗೇ. ಏನು ಬಿಡ್ತಾ ಇದೀರಾ?"

"ನಮ್ಮ ಸೋಪಿನಿಂದ ಗಿಡ ಸಾಯಲ್ಲ ಕಣ್ರೀ" ಎಂದಳು ಟೀಚರ್, ಕೊಂಚ ಖಾರವಾಗಿಯೇ. "ನಮ್ಮನೆ ಕುಂಡಕ್ಕೆ ನಾನು ಹಾಕೋದೂ ಅದೇ ಸೋಪಿನ ನೀರು."

"ಹಾಗಾದ್ರೆ ಇವು ಬೇಜಾರಾಗಿ ಸತ್ತವಾ?"

ತಟ್ಟೆಯನ್ನು ಮೇಜಿನ ಮೇಲಿಟ್ಟು ಅವನು ಹೊರಟುಹೋದ. ಟೀಚರ್ ಫೋನು ಎತ್ತಿಕೊಂಡಳು, ಕೆಳಗಿಟ್ಟಳು. ಆರ್ಡರ್ ಚೀಟಿಗಳ ಕಟ್ಟು ಬಿಚ್ಚಿದಳು, ಓದದೆ ಮತ್ತೆ ಕಟ್ಟಿದಳು. ಕೊನೆಗೆ ಹಳೆಯ ಕೈಚೀಲದಿಂದ ಲಿಟ್ಮಸ್ ಕಾಗದದ ಪುಟ್ಟ ಪುಸ್ತಕ ಹುಡುಕಿ ತೆಗೆದು ಹಿತ್ತಲಿಗೆ ನಡೆದಳು. ಮೋರಿಯ ನೀರಿನಲ್ಲಿ ಅದ್ದಿದ ಕೆಂಪು ಕಾಗದ ಕಣ್ಣು ಮಿಟುಕಿಸುವುದರೊಳಗೆ ಕಡುನೀಲಿಯಾಯಿತು. ಅವಳ ಸೋಪಿನ ನೀರು ಇಷ್ಟು ಕ್ಷಾರವಾಗಿರಲು ಸಾಧ್ಯವೇ ಇರಲಿಲ್ಲ.

ಡಬ್ಬ ತೊಳೆಯುವ ಕೊಠಡಿಯಲ್ಲಿ ಹಿರಿಯ ಕೆಲಸಗಾರ್ತಿ ದೊಡ್ಡಮ್ಮ ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡು ನಿಂತಿದ್ದಳು.

"ಈ ತೊಟ್ಟಿಗೆ ಏನು ಹಾಕ್ತಾ ಇದೀರಾ ದೊಡ್ಡಮ್ಮ?"

"ನಿಮ್ಮ ತಮ್ಮ ತಂದ ಬಿಳಿ ಪುಡಿ. ಕೈಗೆ ತಾಗಿದ್ರೆ ಉರಿಯುತ್ತೆ."

ಮೂಲೆಯ ಚೀಲದಲ್ಲಿದ್ದದ್ದು ಕಾಸ್ಟಿಕ್ ಸೋಡಾ, ಜಿಡ್ಡು ಕರಗಿಸುವ, ಚರ್ಮವನ್ನೂ ಸುಡುವ ಕಡು ಕ್ಷಾರ. ಮೊದಲು ಬಿಸಿನೀರು, ಬ್ರಷ್ಷಿನಲ್ಲಿ ದಿನಕ್ಕೆ ಇನ್ನೂರು ಡಬ್ಬ ತೊಳೆಯುತ್ತಿದ್ದರು. ಈಗ ಎಂಟುನೂರು ಬೇಕಿತ್ತು.

ಕರೆಸಿ ಕೇಳಿದಾಗ ತಮ್ಮ ತಲೆ ತಗ್ಗಿಸಲಿಲ್ಲ. "ನಿನ್ನನ್ನ ಕೇಳೇ ತಂದೆ. ಡಬ್ಬ ಬೇಗ ತೊಳೆಯೋ ಪುಡಿ ತರಲಾ ಅಂದೆ, ಫೋನಲ್ಲಿದ್ದೋಳು ನೀನು ಹ್ಞೂಂ ಅಂದೆ."

ಅದು ನಿಜವೆಂದು ಅವಳಿಗೆ ನೆನಪಾಯಿತು. ಯಾವ ಪುಡಿ ಎಂದು ಒಂದು ಮಾತು ಕೇಳಿರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಆಮ್ಲ, ಕ್ಷಾರ ಎಂದು ಗಂಟಲು ಹರಿದುಕೊಂಡವಳು!

"ನಿಲ್ಲಿಸು. ಈಗಲೇ."

"ನಾಳಿದ್ದು ಲಾರಿ ಬರುತ್ತೆ ಅಕ್ಕ! ಒಂದು ವಾರ ತಡಿ, ಆಮೇಲೆ ಸರಿಮಾಡೋಣ. ಇಷ್ಟು ವರ್ಷದ ಕಷ್ಟ ನೀರಲ್ಲಿ ಹೋಮ ಮಾಡ್ತೀಯಾ?"

ಅವಳು ತೊಟ್ಟಿಯ ತೂಬು ಮುಚ್ಚಿದಳು. ಅಂಗಳಕ್ಕೆ ಬಂದು ಅಂಗಡಿ ಬಳಗದ ಖರೀದಿ ಅಧಿಕಾರಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ನಾಳಿದ್ದು ಸರಕು ಕಳಿಸಲಾಗದು ಎಂದಳು.

ಆತನ ಮೊದಲ ಮಾತೇ ಇದು: "ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲವಲ್ಲ!"

"ಡಬ್ಬದ ಮೇಲೆ ಬೇರೆ ಏನೋ ಬರೆದಿದೀನಿ ಸರ್. ಅದನ್ನ ಓದಿಯೇ ಅಲ್ವಾ ಜನ ತಗೊಳ್ಳೋದು?"

ಆರು ತಿಂಗಳು ಕಳೆದು ನೋಡೋಣ ಎಂದು ಆತ ಫೋನಿಟ್ಟ. ತಮ್ಮ ವಾರಗಟ್ಟಲೆ ಮುಖ ಊದಿಸಿಕೊಂಡು ತಿರುಗಿದ. ಟೀಚರಿಗೂ ನೆಮ್ಮದಿಯೇನೂ ಆಗಲಿಲ್ಲ. ಅನ್ನದ ತಟ್ಟೆಯ ಮುಂದೆ ಕೂತರೆ ಮೋರಿ ನೆನಪಾಗುತ್ತಿತ್ತು; ಎದ್ದು ಹೋಗಿ ಕಾಗದ ಅದ್ದಿ ನೋಡಿ ಬರುತ್ತಿದ್ದಳು. ಉಳಿದ ಕ್ಷಾರದ ನೀರನ್ನು ಪೀಪಾಯಿಗಳಿಗೆ ತುಂಬಿಸಿ, ಅದನ್ನು ಶುದ್ಧಮಾಡುವವರ ಬಳಿಗೆ ಸಾಗಿಸಿದಳು. ನರ್ಸರಿಯವನಿಗೆ ಹೊಸ ಸಸಿ ತರಿಸಿಕೊಟ್ಟಳು. ಅವನು ತೆಗೆದುಕೊಂಡ, ನಗಲಿಲ್ಲ. ಕಾಲುವೆಯ ನೀರನ್ನು ಮತ್ತೆ ಮುಟ್ಟಲು ಅವನಿಗೆ ಎರಡು ತಿಂಗಳು ಬೇಕಾಯಿತು.

ದಾರಿ ತೋರಿಸಿದ್ದು ದೊಡ್ಡಮ್ಮ. ಒಂದು ಮಧ್ಯಾಹ್ನ ಟೀಚರ್ ತಾನೂ ಗವಸು ಹಾಕಿಕೊಂಡು ತೊಳೆಯಲು ಕೂತು, ಒಂದೇ ಡಬ್ಬದ ಜೊತೆ ಕಾಲು ಗಂಟೆ ಗುದ್ದಾಡಿದಳು. ಗಿರಾಕಿಗಳು ಅದರಲ್ಲಿ ಅಡುಗೆ ಎಣ್ಣೆ ತುಂಬಿಟ್ಟುಕೊಂಡಿದ್ದರು. ತಳದ ಜಿಡ್ಡು ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಬಾಯಿ ಕಿರಿದು ಟೀಚರ್. ಕೈ ಒಳಗೆ ಹೋದ್ರೆ ಎರಡು ನಿಮಿಷದ ಕೆಲಸ" ಎಂದಳು ದೊಡ್ಡಮ್ಮ.

"ಮೊದಲೇ ಹೇಳಬಾರದಿತ್ತಾ?"

"ಯಾರು ಕೇಳಿದ್ರು?"

ಆ ಕಿರಿಬಾಯಿಯ ಡಬ್ಬ, ನೋಡಲು ಚೆನ್ನ ಎಂದು ಟೀಚರೇ ಆರಿಸಿದ್ದು. ಅವಳ ಮುಖ ಕೆಂಪಾಯಿತು. ಅಗಲಬಾಯಿಯ ಡಬ್ಬ ಮಾಡುವವರನ್ನು ಹುಡುಕಿಕೊಂಡು ತಮ್ಮನೇ ಅಲೆದ. ಮಾತು ಬಿಟ್ಟಿದ್ದರೂ ಕೆಲಸ ಬಿಟ್ಟಿರಲಿಲ್ಲ. ಹೊಸ ಡಬ್ಬ ಬಂದ ಮೇಲೆ ಬಿಸಿನೀರು, ಬ್ರಷ್ಷಿನಲ್ಲೇ ದಿನಕ್ಕೆ ಐನೂರು ತೊಳೆಯುವಂತಾಯಿತು. ಎಂಟುನೂರಲ್ಲ. ಅಂಗಡಿ ಬಳಗ ಇಪ್ಪತ್ತರ ಬದಲು ಏಳು ಮಳಿಗೆಗಳಿಗೆ ಒಪ್ಪಿತು.

ಮೊದಲ ಸರಕು ಹೊರಟ ದಿನ ತಮ್ಮ ಲಾರಿಯ ಹಗ್ಗ ಬಿಗಿದು ಬಂದು, ತಾನೇ ಊಟಕ್ಕೆ ಎರಡು ತಟ್ಟೆ ಹಾಕಿದ. ಟೀಚರ್ ಕೂತಿರಲಿಲ್ಲ. ಹೊಸ ಮುಚ್ಚಳದೊಳಗಿನ ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದಿದ್ದಳು.

"ಇದು ಹಳೇದಾದ ಮೇಲೆ ಎಲ್ಲಿಗೆ ಹೋಗುತ್ತೋ?"

"ಅಯ್ಯೋ ಮಾರಾಯ್ತಿ, ಮೊದಲು ಉಣ್ಣು" ಎಂದ ತಮ್ಮ. ಆದರೆ ಕೈ ಚಾಚಿ ಉಂಗುರವನ್ನು ಇಸಿದುಕೊಂಡು, ಎಳೆದೆಳೆದು ನೋಡತೊಡಗಿದ.