ಊರುಕೂಟದ ಪಾಲಕ

‘ಈ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ’ ಎಂದು ಮೇಲ್ ವಾಪಸು ಬಂದಿತ್ತು. ಆ ವಿಳಾಸ ತನ್ನದೇ ಎಂದು ಸಂಘಪಾಲನಿಗೆ ಹೊಳೆಯುವ ಹೊತ್ತಿಗೆ ಮುಂದಿದ್ದ ಚಹಾ ಕೆನೆಗಟ್ಟಿತ್ತು.

ಮೇಲ್ ಕಳಿಸಿದವನೂ ಅವನೇ.

ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರಕ್ಕೆ ಅವನು ಸಿಸ್ಟಂ ಅಡ್ಮಿನ್. ಎಲ್ಲ ವಿಭಾಗದವರೂ ಹಂಚಿಕೊಂಡು ಬಳಸುವ ದೊಡ್ಡ ಯಂತ್ರವೊಂದು ಅಲ್ಲಿತ್ತು. ಅದರೊಳಗೆ ‘ಕೊಡುಗೆ’ ಎಂಬ ಫೋಲ್ಡರು. ಯಾರು ಬೇಕಾದರೂ ತಾವು ಬರೆದ ಪ್ರೋಗ್ರಾಮನ್ನು ಅದರಲ್ಲಿ ಇಡಬಹುದು, ಯಾರು ಬೇಕಾದರೂ ತೆಗೆದು ಬಳಸಬಹುದು. ಷರತ್ತು ಒಂದೇ. ಪ್ರತಿಯೊಂದಕ್ಕೂ ಒಬ್ಬ ಪಾಲಕನಿರಬೇಕು. ಕೆಟ್ಟರೆ ಸರಿಪಡಿಸುವ, ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯ. ಉತ್ತರ ಕೊಡದ ಪಾಲಕನ ಪ್ರೋಗ್ರಾಮನ್ನು ಅಳಿಸಲಾಗುವುದು. ಈ ನಿಯಮ ಬರೆದವನು ಸಂಘಪಾಲನೇ. ಬರೆದ ದಿನ, ಭಾಷೆ ಬಿಗಿಯಾಗಿದೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡಿದ್ದ.

ನಿರ್ದೇಶಕ ನಾಗೇಂದ್ರಪ್ಪನವರಿಗೆ ಆ ಫೋಲ್ಡರು ಕಂಡರೆ ಆಗುತ್ತಿರಲಿಲ್ಲ. ಅದೊಂದು ಧರ್ಮಛತ್ರ, ಬಂದವರು ಅಡಿಗೆ ಮಾಡಿ ಪಾತ್ರೆ ತೊಳೆಯದೆ ಹೋಗುತ್ತಾರೆ ಎಂದು ಸಭೆಗಳಲ್ಲಿ ಹೇಳುತ್ತಿದ್ದರು. ಇವತ್ತು ಸಂಜೆಯೊಳಗೆ ಛತ್ರ ಗುಡಿಸಿ ಸ್ವಚ್ಛವಾಗಬೇಕು ಎಂಬುದು ಅವರ ಅಪ್ಪಣೆ.

ಪಾಲಕರಿಗೆಲ್ಲ ಮೇಲ್ ಕಳಿಸಿ, ಉತ್ತರ ಬಾರದ್ದನ್ನೆಲ್ಲ ಬೆಳಗಿನಿಂದ ಸಂಘಪಾಲ ಗುಡಿಸುತ್ತಲೇ ಇದ್ದ. ಊರು ಬಿಟ್ಟವರ, ಕೆಲಸ ಬಿಟ್ಟವರ, ಹುಮ್ಮಸ್ಸು ಬಿಟ್ಟವರ ಪ್ರೋಗ್ರಾಮುಗಳು ಒಂದೊಂದಾಗಿ ಇಲ್ಲವಾದವು. ಯಾರೂ ಅಳಲಿಲ್ಲ. ಯಂತ್ರ ಮಾತ್ರ ಪ್ರತಿಸಲವೂ ‘ಖಚಿತವೇ?’ ಎಂದು ಕೇಳಿತು. ಇಡೀ ದಿನದಲ್ಲಿ ಅವನ ಅಭಿಪ್ರಾಯ ಕೇಳಿದ್ದು ಅದೊಂದೇ.

ಈಗ ‘ಊರುಕೂಟ’ದ ಸರದಿ. ಪಾಲಕನ ಹೆಸರು: ಭಂಕೂರ.

ಹಾಸ್ಟೆಲಿನಲ್ಲಿ ಸಂಘಪಾಲನನ್ನು ಎಲ್ಲರೂ ಊರ ಹೆಸರಿನಿಂದಲೇ ಕರೆಯುತ್ತಿದ್ದರು. ಎಂ.ಎಸ್ಸಿ. ಮಾಡುವಾಗ ಆ ಹೆಸರಿನಲ್ಲೇ ಇದನ್ನು ಬರೆದಿದ್ದ. ನೌಕರಿ ಸಿಕ್ಕ ಮೇಲೆ ವಿದ್ಯಾರ್ಥಿಗಳ ಹಳೆಯ ವಿಳಾಸಗಳನ್ನೆಲ್ಲ ಮುಚ್ಚುವ ಕೆಲಸ ಅವನಿಗೇ ಬಂದಿತ್ತು. ಎಲ್ಲರದರ ಜೊತೆ ತನ್ನದನ್ನೂ ಮುಚ್ಚಿದ್ದ. ಆಮೇಲೆ ಭಂಕೂರ ಬಿಟ್ಟು ಶಹಾಬಾದಿನಲ್ಲಿ ಬಾಡಿಗೆಯ ಮನೆ ಮಾಡಿದ. ಕೂಗಳತೆಯ ಆ ದೂರವೇ ಅವನ ಬಾಳಿನ ಮಹಾಪ್ರಯಾಣ. ಕೇಂದ್ರದಲ್ಲಿ ಎಲ್ಲರಿಗೂ ಅವನು ‘ಸಿಸ್ಟಂ ಸರ್’. ಸಂಘಪಾಲ ಎಂಬ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು.

ಪ್ರೋಗ್ರಾಮು ತೆರೆದು ನೋಡಿದ. ಹಳ್ಳಿಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರಲ್ಲ, ಭಂಕೂರ, ಬಂಕೂರ, ಬಂಕೂರು, ಅವೆಲ್ಲ ಒಂದೇ ಊರು ಎಂದು ಗುರುತಿಸಿ ಕೂಡಿಸುವ ಪ್ರೋಗ್ರಾಮು. ಒಂದು ತಿರುವಿನಲ್ಲಿ ಎಷ್ಟು ಚೆಂದದ ಜಾಣತನವಿತ್ತೆಂದರೆ, ಯಾರಪ್ಪಾ ಇವನು ಎಂದುಕೊಂಡ. ಎರಡನೆಯ ಸಲ ಓದಿದರೂ ಅರ್ಥವಾಗಲಿಲ್ಲ. ಕೊನೆಯಲ್ಲಿ ಒಂದು ಟಿಪ್ಪಣಿ: ‘ಇದನ್ನು ಬಳಸುತ್ತಿರುವ ಪುಣ್ಯಾತ್ಮರೇ, ಯಾರಾದರೂ ಆಗಿರಿ, ಒಮ್ಮೆ ಬಂದು ಭೇಟಿಯಾಗಿ. ಚಹಾ ನನ್ನದು.’

ಸಂಘಪಾಲನಿಗೆ ನಾಚಿಕೆಯಾಯಿತು. ಪರರ ಪ್ರೇಮಪತ್ರ ಓದಿದ ಹಾಗೆ.

ಅಳಿಸಲು ಕೈ ಮುಂದು ಮಾಡಿದಾಗ ಬಾಗಿಲಲ್ಲಿ ನೆರಳು ಬಿತ್ತು. ಭೂಗೋಳ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ನಾಹಿದ. ಚಿತ್ತಾಪುರದಿಂದ ದಿನವೂ ರೈಲುಗಾಡಿಗೆ ಬಂದು ಹೋಗುವವಳು. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಬಾವಿ ನೀರು ಪರೀಕ್ಷಿಸುತ್ತಾ ಬಿಸಿಲಿಗೆ ಬಣ್ಣಗೆಟ್ಟಿದ್ದಳು. ಕೈಯಲ್ಲಿ ಅವನೇ ಹೊರಡಿಸಿದ ಸುತ್ತೋಲೆಯ ಪ್ರತಿ ಇತ್ತು.

“ಸರ್, ಊರುಕೂಟ ತೆಗಿಬ್ಯಾಡ್ರಿ.”

“ಪಾಲಕ ಇಲ್ಲದ್ದು ಇಡಾಕ ಬರಂಗಿಲ್ಲ.”

ತನ್ನ ಪ್ರಬಂಧ ಪೂರ್ತಿ ಅದರ ಮೇಲೇ ನಿಂತಿದೆ ಎಂದು ಅವಳು ವಿವರಿಸಿದಳು. ಬರುವ ತಿಂಗಳು ಸಲ್ಲಿಸಬೇಕು, ತಪ್ಪಿದರೆ ನೋಂದಣಿಯೇ ರದ್ದು. ಹಾಗಂತ ಪ್ರೋಗ್ರಾಮು ನಿರ್ದೋಷಿಯೇನಲ್ಲ. ಹೊಸಳ್ಳಿ ಎಂಬ ಊರು ಸೇಡಂ ತಾಲೂಕಿನ ಆಡಕಿಯ ಕಡೆ ಒಂದಿದೆ, ಚಿಂಚೋಳಿಯ ಕಡೆ ಒಂದಿದೆ. ಇದು ಎರಡನ್ನೂ ಒಂದೇ ಮಾಡಿಬಿಡುತ್ತದೆ. ಒಂದರ ಬಾವಿ ಸಿಹಿ, ಇನ್ನೊಂದರದು ಸವಳು. ಕೂಡಿಸಿ ಭಾಗಿಸಿ ಪರವಾಗಿಲ್ಲ, ಕುಡಿಯಬಹುದು ಎಂದು ಫಲಿತಾಂಶ ಕೊಡುತ್ತದೆ. ಸವಳು ನೀರಿನ ಹೊಸಳ್ಳಿಗೆ ತಾನು ಹೋಗಿದ್ದೆ, ಅಲ್ಲಿನ ಮಕ್ಕಳ ಕಲೆಗಟ್ಟಿದ ಹಲ್ಲು ನೋಡಿದ್ದೆ ಎಂದಳು. ದನಿ ಏರಿಸಲಿಲ್ಲ. ಅದೇ ಅವನಿಗೆ ತಾಗಿತು.

“ಅವರನ್ನ ಕೇಳಬೇಕಾಗಿತ್ರಿ. ಈ ಭಂಕೂರ ಅಂಬೋರು ಎಲ್ಲಿದ್ದಾರ್ರಿ?”

ನಾನೇ ಎಂದರೆ ಮುಗಿಯುತ್ತಿತ್ತು. ಆದರೆ ನಾನೇ ಎಂದರೆ ಆ ಹೊಸಳ್ಳಿಯ ಬಾವಿಯೂ ತನ್ನದೇ. ತನಗೇ ತಿಳಿಯದ ತನ್ನ ಜಾಣತನವನ್ನು ಇವಳ ಎದುರು ಕೂತು ಬಿಡಿಸಬೇಕು. ಮೇಲಾಗಿ ಚಹಾ ಕೊಡಿಸಬೇಕು.

“ಅವ್ರು ಹೋದ್ರು,” ಎಂದ.

ವಿಶ್ವವಿದ್ಯಾಲಯ ಬಿಟ್ಟು ಹೋದರು ಎಂಬ ಅರ್ಥದಲ್ಲೇ ಹೇಳಿದ್ದು, ಎಂದು ಆಮೇಲೆ ತನಗೆ ತಾನೇ ಬಹಳ ಸಲ ಸಮಜಾಯಿಷಿ ಕೊಟ್ಟುಕೊಂಡ. ನಾಹಿದಳ ಕೈ ತಾನಾಗಿ ದುಪ್ಪಟ್ಟಾ ಸರಿಮಾಡಿತು. ತುಟಿಯಲ್ಲೇ ಏನೋ ಹೇಳಿಕೊಂಡಳು.

“ಯಾವಾಗ್ರಿ?”

ಈಗಲೂ ತಿದ್ದಬಹುದಿತ್ತು.

“ಭಾಳ ದಿನ ಆತು.”

“ಸಣ್ಣ ವಯಸ್ಸೇನ್ರಿ?”

“ಹೂಂ. ಸಣ್ಣ ವಯಸ್ಸೇ.”

ಅದು ಸುಳ್ಳಲ್ಲ ಎನಿಸಿ ಅವನು ತಲೆ ತಗ್ಗಿಸಿದ. ಅದನ್ನು ಅವಳು ದುಃಖ ಎಂದುಕೊಂಡಳು. ಕುರ್ಚಿ ಎಳೆದುಕೊಂಡು ಕೂತು, ಅವರ ಬರಹದ ಪರಿಚಯ ಮಾತ್ರ ತನಗಿದೆ, ರಾತ್ರಿ ಬೇಸರವಾದಾಗ ಆ ಚಹಾದ ಮಾತು ಓದಿ ನಗುತ್ತಿದ್ದೆ, ಪ್ರಬಂಧ ಮುಗಿದ ದಿನ ಹುಡುಕಿಕೊಂಡು ಹೋಗಬೇಕೆಂದಿದ್ದೆ ಎಂದು ಹೇಳಿದಳು. ಹೋದವನು ಎದುರಿಗೆ ಕೂತು ಹೂಂಗುಟ್ಟಿದ.

“ಹಂಗಾದ್ರ ನಾ ಪಾಲಕಿ ಆಗ್ತೀನ್ರಿ,” ಎಂದಳು ನಾಹಿದ. “ತಪ್ಪು ನಾನೇ ತಿದ್ತೀನಿ. ಊರಿನ ಹೆಸರಿಗೆ ತಾಲೂಕು ಜೋಡಿಸಿದ್ರ ಸಾಕು. ಅವರಿದ್ದಿದ್ರ ಬ್ಯಾಡ ಅಂತಿದ್ದಿಲ್ಲ, ಅಲ್ಲೇನ್ರಿ?”

“ಗೊತ್ತಿಲ್ಲ,” ಎಂದ ಸಂಘಪಾಲ. ಅದು ಆ ದಿನ ಅವನು ಆಡಿದ ಅತ್ಯಂತ ಪ್ರಾಮಾಣಿಕ ಮಾತು.

ಊಟದ ಹೊತ್ತು ಕಳೆದ ಮೇಲೆ ಅವಳ ಕೋರಿಕೆ ಅವನ ಪರದೆಗೆ ಬಂತು. ತಿದ್ದುಪಡಿ ಸರಿಯಾಗಿತ್ತು, ಹೊಸಳ್ಳಿಗಳು ಬೇರೆ ಬೇರೆಯಾಗಿದ್ದವು. ಪಾಲಕನ ಜಾಗದಲ್ಲಿ ನಾಹಿದ. ಅದರ ಮೇಲೊಂದು ಸಾಲು ಹೊಸದಾಗಿ ಸೇರಿತ್ತು: ‘ದೀವಂಗತ ಭಂಕೂರ ಅವರ ನೆನಪಿಗೆ, ಎಂದೂ ಕಾಣದವಳಿಂದ.’

ಅವನು ಬಹಳ ಹೊತ್ತು ನೋಡಿದ. ಎದೆಯೊಳಗೆ ಏನಾದರೂ ಆಗಬೇಕಿತ್ತು. ಕಾದ. ಆಗಲಿಲ್ಲ. ‘ದೀ’ ಅಳಿಸಿ ‘ದಿ’ ಮಾಡಿದ. ಒಪ್ಪಿಗೆ ಒತ್ತಿದ. ಯಂತ್ರ ‘ಖಚಿತವೇ?’ ಎಂದು ಕೇಳಿತು. ಹೌದು ಎಂದ.

ಸಂಜೆ ನಾಗೇಂದ್ರಪ್ಪನವರು ಬಂದರು. ಛತ್ರ ಖಾಲಿಯಾಗಿದ್ದಕ್ಕೆ ಸಂತೋಷಪಟ್ಟು, ಊರುಕೂಟವೊಂದು ಯಾಕೆ ಉಳಿಯಿತು ಎಂದು ಕೇಳಿದರು. ಕಾಗದಕ್ಕೆ ಸಹಿ ಹಾಕಿಸಲು ಬಂದಿದ್ದ ನಾಹಿದ ಎಲ್ಲ ಹೇಳಿದಳು. ನಿರ್ದೇಶಕರು ಕನ್ನಡಕ ತೆಗೆದರು.

“ಭಂಕೂರ. ಗೊತ್ತಾತು, ಗೊತ್ತಾತು. ಭಾಳ ಶಾಣ್ಯಾ ಹುಡುಗ. ನನ್ನ ಕೈಯಾಗೇ ತಯಾರಾದಂವ.” ಸಂಘಪಾಲನ ಹೆಗಲ ಮೇಲೆ ಕೈಯಿಟ್ಟು ಮುಂದುವರಿಸಿದರು. “ಈಗ ಅಂಥವ್ರು ಎಲ್ಲಿ ಸಿಗ್ತಾರ್ರಿ? ಬಂದು ಕುಂದರೋರೇ ಎಲ್ಲಾ.”

ಕೈ ಭಾರವಾಗಿತ್ತು. ಸಂಘಪಾಲ ಹೌದೆಂದ. ಆ ಹುಡುಗನ ಮೇಲೆ ಅವನಿಗೆ ಮೊದಲ ಬಾರಿಗೆ ಹೊಟ್ಟೆಕಿಚ್ಚಾಯಿತು.

ಮನೆಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಯ ಸೀಟಿನಿಂದ ನಾಹಿದ ಕರೆದಳು. “ಸರ್, ಇಲ್ಲಿ ಜಾಗ ಅದ, ಬರ್ರಿ.” ತಪ್ಪಿಸಿಕೊಳ್ಳಲು ಕಾರಣ ಸಿಗಲಿಲ್ಲ. ಎದುರು ಕೂತ. ಅವಳು ಚೀಲದಿಂದ ಶೇಂಗಾ ತೆಗೆದು ಅವನ ಅಂಗೈಗೂ ಸುರಿದಳು. ಅವನ ಹೆಸರು ಕೇಳಲಿಲ್ಲ. ಭಂಕೂರ ಅವರ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಇದ್ದರೆ ಪ್ರಬಂಧದ ಒಂದು ಪ್ರತಿ ಕೊಟ್ಟು ಬರಬೇಕಂತೆ.

ಹೆಂಡತಿ ಇದ್ದಾಳೆ ಎಂದ. ಪಾಪ, ಎಂದಳು.

ಶಹಾಬಾದಿನಲ್ಲಿ ಇಳಿಯುವ ಮೊದಲು ಹೇಳಿಬಿಡಬೇಕು ಎಂದುಕೊಂಡ. ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಬರೆದ, ಅಳಿಸಿದ. ಶಹಾಬಾದು ಬಂತು. ಜನ ಇಳಿದರು. ವಾಕ್ಯ ಇನ್ನೂ ಸರಿಯಾಗಿರಲಿಲ್ಲ, ಅವನು ಏಳಲಿಲ್ಲ. ಗಾಡಿ ಹೊರಟ ಮೇಲೆ ಜೇಬಿನಲ್ಲಿ ಫೋನು ಅದುರಿತು. ಮನೆಯಿಂದ ಹೆಂಡತಿ ಯಶೋಧರಾ. ಎತ್ತಿದರೆ ಎಲ್ಲಿದ್ದೀರಿ ಎಂದು ಕೇಳುತ್ತಾಳೆ. ಅವನು ಎತ್ತಲಿಲ್ಲ. ಫೋನು ಅದುರಿ ಅದುರಿ ಸುಮ್ಮನಾಯಿತು.

ವಾಡಿಯಲ್ಲಿ ಗಾಡಿ ನಿಂತಿತು, ನಿಂತೇ ಇತ್ತು. ಇಲ್ಲಿ ಇಳಿಯದಿದ್ದರೆ ಇನ್ನು ಚಿತ್ತಾಪುರ. ಪಕ್ಕದ ಹಳಿಯ ಮೇಲೆ ಸಿಮೆಂಟು ತುಂಬಿದ ಗೂಡ್ಸು ಗಾಡಿ, ಕಿಟಕಿಗೆ ಗೋಡೆ ಕಟ್ಟಿದಂತೆ. ನಾಹಿದ ಶೇಂಗಾದ ಸಿಪ್ಪೆಯನ್ನು ಕಾಗದದಲ್ಲಿ ಮಡಚುತ್ತಿದ್ದಳು.

“ಆ ಭಂಕೂರ ಅಂಬಂವ ನಾನೇ ರಿ,” ಎಂದ ಸಂಘಪಾಲ.

ಅದೇ ಕ್ಷಣಕ್ಕೆ ಕೊಂಡಿಗಳು ಒಂದರ ಹಿಂದೊಂದು ಜಗ್ಗಿ ಕಿವಿ ತುಂಬುವ ಸದ್ದಾಯಿತು. ಕಿಟಕಿಯಾಚೆ ಬೂದಿಬಣ್ಣದ ಡಬ್ಬಿಗಳು ಹಿಂದೆ ಹಿಂದೆ ಜಾರತೊಡಗಿದವು.

ಅವಳು ಕಿವಿಗೆ ಕೈ ಹಿಡಿದು ಮುಂದೆ ಬಾಗಿದಳು. “ಏನಂದ್ರಿ ಸರ್?”

ಅವಳ ಮುಖ ಬಹಳ ಹತ್ತಿರವಿತ್ತು, ನಂಬಿಕೆಯಿಂದ ತುಂಬಿತ್ತು.

“ಗಾಡಿ ಬಿಡ್ತು ಅಂದೆ.”

“ಹೌದ್ರಿ, ಬಿಡ್ತು,” ಎಂದು ಅವಳು ನಕ್ಕು ಸೀಟಿಗೆ ಒರಗಿದಳು.

ಸಂಘಪಾಲನೂ ಒರಗಿದ. ಡಬ್ಬಿಗಳು ಈಗ ಬೇಗ ಬೇಗ ಸರಿಯುತ್ತಿದ್ದವು. ಎಲ್ಲಿಗೋ ಹೊರಟಿದ್ದೇನೆ, ಟಿಕೆಟಿಲ್ಲದ ಊರಿಗೆ, ಎಂಬ ಹಗುರ ಭಾವ ಮೈಯೆಲ್ಲ ಹರಡಿತು. ಮುಖಕ್ಕೆ ಗಾಳಿಯೂ ತಾಗಿದ ಹಾಗಾಯಿತು. ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಗೂಡ್ಸಿನ ಕೊನೆಯ ಡಬ್ಬಿ ದಾಟಿಹೋಯಿತು.

ಕಿಟಕಿಯ ನೇರಕ್ಕೆ, ಒಂದಿಷ್ಟೂ ಸರಿಯದೆ, ‘ವಾಡಿ’ ಎಂದು ಬರೆದ ಹಳದಿ ಫಲಕ ನಿಂತಿತ್ತು.