ನಾದಿನಿ ಬರೆದ ಹದಿನೇಳನೇ ಕಂತು

ಶನಿವಾರ, ಭಾನುವಾರ ಸಂಜೆ ಎಂಟಾದರೆ ದೇಜೊನ್ ಊರಿನ ನಮ್ಮತ್ತೆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಅದು ನನ್ನ ನಾದಿನಿ ಗಾರಮ್ ಬರೆಯುವ ಧಾರಾವಾಹಿಯ ಹೊತ್ತು. ಒಂದೇ ಮನೆಯ ಮೂವರು ಸೊಸೆಯರ ಕಥೆ. ಪರದೆಯ ಮೇಲೆ ಮಗಳ ಹೆಸರು ಕಂಡರೆ ಅತ್ತೆಗೆ ಊಟವೂ ಬೇಡ.

ಹದಿನೇಳನೇ ಕಂತಿನಲ್ಲಿ ಚುಸೊಕ್ ಹಬ್ಬ. ಹಿರಿಯರ ಎಡೆಗೆ ಎತ್ತಿಟ್ಟ ಮರಸೇಬನ್ನು ಹಿರಿಸೊಸೆ ಕದ್ದು, ಬಚ್ಚಲಿನ ಚಿಲಕ ಹಾಕಿಕೊಂಡು, ಸಿಪ್ಪೆಸಮೇತ ಗಬಗಬ ತಿನ್ನುತ್ತಾಳೆ. ಹೊರಗೆ ಅತ್ತೆ ಬಾಗಿಲು ಬಡಿಯುತ್ತಾಳೆ. ಹಿಂದೆ ತಮಾಷೆಯ ಸಂಗೀತ.

ನಮ್ಮತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಂಥಾ ಹೊಟ್ಟೆಬಾಕ ಸೊಸೆ ನೋಡೇ ಮಿರಾನ್" ಅಂದರು ನನಗೆ. ನನ್ನ ಗಂಡ ಟೇಸೊಕ್ ಕೂಡ ನಕ್ಕ.

ನಾನು ಊಟದ ಕಡ್ಡಿ ಕೆಳಗಿಟ್ಟೆ. "ಅದು ನಾನು, ಅತ್ತೆ."

"ಏನು ನೀನು?"

"ಒಂಬತ್ತು ವರ್ಷದ ಹಿಂದೆ, ಇದೇ ಬಚ್ಚಲು. ಹಬ್ಬಕ್ಕೆ ನಾಲ್ಕು ದಿನ ಇರೋವಾಗ ನನ್ನ ಮೂರು ತಿಂಗಳ ಬಸಿರು ಇಳಿದುಹೋಗಿತ್ತು. ಹಬ್ಬ ಮುಗೀಲಿ, ಆಮೇಲೆ ಅಮ್ಮನಿಗೆ ಹೇಳೋಣ ಅಂದ್ರು ನಿಮ್ಮ ಮಗ. ಆಮೇಲೂ ಹೇಳಲಿಲ್ಲ. ಬೆಳಿಗ್ಗೆಯಿಂದ ನೆಲದ ಮೇಲೆ ಕೂತು ಮೀನು, ಕುಂಬಳಕಾಯಿ ಮೊಟ್ಟೆಯಲ್ಲಿ ಅದ್ದಿ ಕರೀತಿದ್ದೆ. ಎಡೆಗಿಂತ ಮುಂಚೆ ಬಾಯಿಗೆ ಹಾಕ್ಬೇಡ ಅಂದಿದ್ರಿ. ತಲೆ ತಿರುಗ್ತು. ಕೈಗೆ ಸಿಕ್ಕಿದ್ದು ಹಣ್ಣು. ಇದನ್ನ ನಾನು ಹೇಳಿಕೊಂಡಿದ್ದು ಗಾರಮ್ ಒಬ್ಬಳ ಹತ್ತಿರ."

ಅತ್ತೆ ಮಗನ ಕಡೆ ತಿರುಗಿದರು. ಅವನು ಟಿವಿಯಿಂದ ಕಣ್ಣು ತೆಗೆಯದೆ, "ಅವಳೇನೋ ತಮಾಷೆಗೆ ಬರೆದಿದ್ದಾಳೆ, ಬಿಡು" ಅಂದ.

ಕೋಟು ಹಾಕಿಕೊಂಡು ಒಬ್ಬಳೇ ನಮ್ಮ ಮನೆ ಕಡೆಯ ಬಸ್ಸು ಹತ್ತಿದೆ.

ಬುಧವಾರ ಗಾರಮ್ ಕೇಕಿನ ಡಬ್ಬಿ ಹಿಡಿದು ನನ್ನ ಪಲ್ಯದ ಅಂಗಡಿಗೆ ಬಂದಳು.

"ಅತ್ತಿಗೆ, ನಿಮ್ಮ ಹೆಸರು ಎಲ್ಲೂ ಇಲ್ಲ. ಯಾರಿಗೆ ಗೊತ್ತಾಗುತ್ತೆ ಹೇಳಿ?"

"ನನಗೆ ಗೊತ್ತಾಗುತ್ತೆ."

"ಬಸಿರಿನ ವಿಷಯ ನಾನು ಮುಟ್ಟೇ ಇಲ್ಲ."

"ಅದನ್ನ ಬಿಟ್ಟಿದ್ದಕ್ಕೇ ಜನ ನಕ್ಕಿದ್ದು."

ಅವಳು ಸ್ವಲ್ಪ ಯೋಚಿಸಿ ಮೊಬೈಲ್ ತೆಗೆದಳು. "ಹಾಗಾದ್ರೆ ಅದನ್ನೂ ತರ್ತೀನಿ. ಇಪ್ಪತ್ತೆರಡನೇ ಕಂತಲ್ಲಿ ಅತ್ತೆ-ಸೊಸೆ ತಬ್ಬಿಕೊಂಡು ಅಳಲಿ. ಆವತ್ತು ನೀವು ಬಚ್ಚಲಿಂದ ಆಚೆ ಬಂದಾಗ ಅಮ್ಮ ಏನಂದ್ರು? ನೆನಪಿದ್ದಷ್ಟು ಹೇಳಿ."

ಅವಳ ಬೆರಳು ಬರೆದುಕೊಳ್ಳಲು ಕಾಯುತ್ತಿತ್ತು. ನಾನು ಡಬ್ಬಿಯನ್ನು ಅವಳ ಎದೆಗೊತ್ತಿ ಬಾಗಿಲು ತೆಗೆದೆ. "ನಡಿ ಆಚೆ. ಸತ್ತಿದ್ದು ನನ್ನ ಮಗು ಕಣೇ, ನಿನ್ನ ಕಂತಿಗೆ ಸಾಮಾನಲ್ಲ."

ಅವಳು ಹೇಗೋ ಬರೆದಳು. ಅತ್ತೆ-ಸೊಸೆ ತಬ್ಬಿಕೊಂಡು ಅತ್ತರಂತೆ, ಗಿರಾಕಿಗಳು ಮೂಗು ಒರೆಸಿಕೊಳ್ಳುತ್ತಾ ವರ್ಣಿಸಿದರು. ನಾನು ಮೂಲಂಗಿ ಕೊಚ್ಚುತ್ತಿದ್ದೆ.

ಆ ವರ್ಷ ಚುಸೊಕ್‌ಗೆ ನಾನು ಹೋಗಲಿಲ್ಲ. ಮೀನು ಕರಿಯಲು ಟೇಸೊಕ್‌ನೇ ಕೂತ. ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. "ಗೊತ್ತಿದ್ದಿದ್ರೆ ನಿನ್ನನ್ನ ಒಲೆ ಮುಂದೆ ಕೂರಿಸ್ತಿರಲಿಲ್ಲ ಕಣಮ್ಮ."

"ಗೊತ್ತಿಲ್ದೆ ಇದ್ರೂ, ಹಸಿದವಳಿಗೆ ಒಂದು ತುತ್ತು ಕೊಡಬಹುದಿತ್ತು, ಅತ್ತೆ."

ಆ ಕಡೆಯಿಂದ ಎಣ್ಣೆಯ ಚುರುಚುರು ಸದ್ದು ಕೇಳುತ್ತಿತ್ತು. ಅತ್ತೆ "ಹೌದು" ಅಂದರು.

ಅಷ್ಟಕ್ಕೆ ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಫೋನನ್ನು ನಾನಾಗಿ ಇಡಲಿಲ್ಲ.